ಕೂಲಂಟ್ ಕಡಿಮೆ ಆಯ್ತಾ? ಮೊದಲು ಎಲ್ಲಿ ಹೋಯ್ತು ಅಂತ ನೋಡಿ

ಈ ಸಲದ ಮಾತು ಕಾರಿನ ಕೂಲಂಟ್ ಬಗ್ಗೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು ಲೋಕಲ್‌ನಲ್ಲಿ ನಿಂತುಕೊಂಡೇ ಓದಲಿ ಅಂತ ಬರಹದಲ್ಲೂ ಹಾಕಿದ್ದೇವೆ.

ನಮ್ಮ ಜನರ ಕಾರಿನ ಬದುಕು ಸ್ವಲ್ಪ ವಿಚಿತ್ರ. ಮನೆ ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ, ಆಫೀಸು ಐರೋಲಿ, ಮಹಾಪೆ ಕಡೆ. ವಾರವಿಡೀ ಕಾರು ಒಂದೋ ಸೊಸೈಟಿಯ ಪಾರ್ಕಿಂಗ್‌ನಲ್ಲಿ ಧೂಳು ಹಿಡೀತಾ ನಿಂತಿರುತ್ತೆ, ಇಲ್ಲಾ ಶಿಲ್‌ಫಾಟಾ ರಸ್ತೆಯಲ್ಲಿ ಮೊದಲನೇ ಗೇರಿನಲ್ಲಿ ತೆವಳುತ್ತೆ. ಆಮೇಲೆ ಗಣೇಶ ಹಬ್ಬಕ್ಕೋ ಮೇ ರಜೆಗೋ ಒಂದೇ ಏಟಿಗೆ ಐದು ಜನ, ತುಂಬಿದ ಡಿಕ್ಕಿ, ಫುಲ್ ಎಸಿ, ಬೆಳಗಾವಿ ಕಡೆಗೆ ಸುಮಾರು 500 ಕಿ.ಮೀ. ಕೂಲಂಟ್ ಕಡಿಮೆ ಇದ್ದರೆ ನಿಂತ ಕಾರು ಹೇಳಲ್ಲ. ಖೋಪೋಲಿ ದಾಟಿ ಬೋರ್ ಘಾಟ್ ಏರು ಶುರುವಾದ ಮೇಲೆ ಹೇಳುತ್ತೆ, ಅದೂ ಮಕ್ಕಳು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡ್ತಿರುವಾಗ.

ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ. ಕೂಲಂಟ್ ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ. ಎಂಜಿನ್, ಪಂಪ್, ಹೋಸ್, ರೇಡಿಯೇಟರ್, ಇಷ್ಟರೊಳಗೇ ಸುತ್ತುತ್ತೆ. ವರ್ಷ ಕಳೆದರೆ ಡಬ್ಬದಲ್ಲಿ ಅಷ್ಟಿಷ್ಟು ಇಳೀಬಹುದು. ತಿಂಗಳಿಗೊಮ್ಮೆ ಟಾಪ್ ಅಪ್ ಬೇಕಾಗ್ತಿದೆ ಅಂದ್ರೆ ಎಲ್ಲೋ ಹೋಗ್ತಿದೆ. ಗ್ಯಾರೇಜಿನವನು "ಕೂಲಂಟ್ ಕಮ್ ಥಾ, ಡಾಲ್ ದಿಯಾ" ಅಂದಾಗ ಥ್ಯಾಂಕ್ಸ್ ಹೇಳಿ ಬರಬೇಡಿ. "ಗಯಾ ಕಹಾಂ?" ಅಂತ ಕೇಳಿ, ಪ್ರೆಶರ್ ಟೆಸ್ಟ್ ಮಾಡಿಸಿ. ಕೈಪಂಪಿನಿಂದ ಒತ್ತಡ ಕೊಟ್ಟು, ಮುಳ್ಳು ಇಳಿಯುತ್ತಾ ಅಂತ ನೋಡೋದು ಅಷ್ಟೇ.

ಒತ್ತಡ ಯಾಕೆ? ಅಡುಗೆಮನೆಯ ಕುಕ್ಕರ್ ನೆನಪು ಮಾಡ್ಕೊಳ್ಳಿ. ಸಾದಾ ನೀರು 100 ಡಿಗ್ರಿಗೆ ಕುದಿಯುತ್ತೆ. ಅರ್ಧಕ್ಕರ್ಧ ಗ್ಲೈಕಾಲ್ ಸೇರಿಸಿ, ಮೇಲೆ ಸುಮಾರು ಒಂದು ಬಾರ್ ಒತ್ತಡ ಹಿಡಿಯೋ ಮುಚ್ಚಳ ಹಾಕಿದರೆ ಕುದಿಯುವ ಬಿಂದು 125 ಡಿಗ್ರಿ ಆಸುಪಾಸಿಗೆ ಹೋಗುತ್ತೆ. ಅಂದ್ರೆ ಆ ಮುಚ್ಚಳವೇ ಕುಕ್ಕರಿನ ವೆಯ್ಟ್. ಅದರ ರಬ್ಬರ್ ಸತ್ತರೆ ಬೇರೆ ಎಲ್ಲೂ ತೂತಿಲ್ಲದಿದ್ದರೂ ಕೂಲಂಟ್ ಆವಿಯಾಗಿ ಹೋಗುತ್ತೆ. ರೇಡಿಯೇಟರ್ ಬದಲಿಸೋಕೆ ಒಪ್ಪೋ ಮೊದಲು ಮುಚ್ಚಳ ಬದಲಿಸಿ ನೋಡಿ, ಖರ್ಚು ಕೆಲವು ನೂರು ರೂಪಾಯಿ.

ಮಟ್ಟ ನೋಡೋದು ಬೆಳಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ, ಸಮತಟ್ಟು ನೆಲದ ಮೇಲೆ. ಡಬ್ಬದ ಮೇಲಿನ ಮಿನ್, ಮ್ಯಾಕ್ಸ್ ಗೆರೆಗಳ ನಡುವೆ ಇರಬೇಕು. ಹಳೇ ಕಾರುಗಳಲ್ಲಿ ಡಬ್ಬ ಹಳದಿಯಾಗಿ ಒಳಗೆ ಕಲೆ ಕೂತಿರುತ್ತೆ, ಆ ಕಲೆಯನ್ನೇ ಮಟ್ಟ ಅಂದ್ಕೊಳ್ಳೋರು ಬಹಳ. ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು ಕಾರನ್ನು ಸ್ವಲ್ಪ ಅಲ್ಲಾಡಿಸಿ. ಅಲುಗಾಡಿದರೆ ಕೂಲಂಟ್, ಇಲ್ಲದಿದ್ದರೆ ಬರೀ ಕಲೆ.

"ಮುಳ್ಳು ನಡುವೆಯೇ ಇದೆಯಲ್ಲ?" ಅಂತ ಕೇಳ್ತೀರಿ. ಮುಖ್ಯವಾದ ಮಾತು ಇದೇ. ಉಷ್ಣತೆ ಅಳೆಯುವ ಸೆನ್ಸರ್ ದ್ರವದಲ್ಲಿ ಮುಳುಗಿದ್ದರೆ ಮಾತ್ರ ಸರಿಯಾಗಿ ಅಳೆಯುತ್ತೆ. ಕೂಲಂಟ್ ಇಳಿದು ಅದರ ಸುತ್ತ ಗಾಳಿ ನಿಂತರೆ, ಎಂಜಿನ್ ಕಾಯ್ತಿದ್ದರೂ ಮುಳ್ಳು ಆರಾಮಾಗಿ ಕೂತಿರಬಹುದು. ಎಷ್ಟೋ ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರ. ಅದು ಹೊತ್ತಿಕೊಳ್ಳೋದೇ ತಡವಾಗಿ.

ಇದಕ್ಕೊಂದು ಉಪಾಯ ಇದೆ, ನಮ್ಮ ಮುಂಬೈ ಸೆಕೆಯಲ್ಲಿ ಯಾರಿಗೂ ಹೊಳೆಯಲ್ಲ: ಹೀಟರ್. ಎಂಜಿನ್ ಬಿಸಿಯಾದ ಮೇಲೆ ಎರಡು ನಿಮಿಷ ಹೀಟರ್ ಹಾಕಿ. ಐಡಲ್‌ನಲ್ಲಿ ತಣ್ಣನೆ ಗಾಳಿ, ಆಕ್ಸಿಲರೇಟರ್ ಒತ್ತಿದಾಗ ಬಿಸಿ ಗಾಳಿ ಬರ್ತಿದ್ದರೆ ಕೂಲಂಟ್ ಕಡಿಮೆ ಅಥವಾ ಒಳಗೆ ಗಾಳಿ ಸೇರಿದೆ ಅನ್ನೋ ಅನುಮಾನ ಗಟ್ಟಿ.

ಸೋರಿಕೆ ಹುಡುಕೋಕೆ ರಾತ್ರಿ ಎಂಜಿನ್ ಕೆಳಗೆ ಒಂದು ರಟ್ಟು ಹಾಸಿಡಿ. ಎಸಿ ಓಡಿದ ಮೇಲೆ ತೊಟ್ಟಿಕ್ಕೋ ನೀರಿಗೆ ಬಣ್ಣ, ವಾಸನೆ ಇರಲ್ಲ, ಅದಕ್ಕೆ ಹೆದರಬೇಡಿ. ಹಸಿರು, ಗುಲಾಬಿ ಅಥವಾ ಕಿತ್ತಳೆ ಬಣ್ಣದ ಅಂಟು ಕಲೆ, ಸಿಹಿ ವಾಸನೆ ಇದ್ದರೆ ಅದು ಕೂಲಂಟ್. ಹೋಸ್ ಕ್ಲಿಪ್‌ಗಳ ಬಳಿ, ವಾಟರ್ ಪಂಪ್ ಕೆಳಗೆ, ರೇಡಿಯೇಟರಿನ ಪ್ಲಾಸ್ಟಿಕ್ ಅಂಚಿನಲ್ಲಿ ಒಣಗಿದ ಪೊರೆ ಕಾಣುತ್ತಾ ನೋಡಿ. ರಟ್ಟು ಒಣಗಿದ್ದೂ ಮಟ್ಟ ಇಳೀತಿದ್ದರೆ ಕಾರಿನೊಳಗಿನ ಕಾಲು ಮ್ಯಾಟ್ ಮುಟ್ಟಿ ನೋಡಿ: ಹೀಟರ್ ಕೋರ್ ಸೋರಿದರೆ ಅಲ್ಲಿ ಅಂಟಂಟು ಒದ್ದೆ. ಕೊನೆಯ ಅನುಮಾನ ಹೆಡ್ ಗ್ಯಾಸ್ಕೆಟ್. ಎಂಜಿನ್ ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ, ಡಿಪ್‌ಸ್ಟಿಕ್ ಮೇಲೆ ಹಾಲು ಕಾಫಿ ಬಣ್ಣದ ಆಯಿಲ್ ಕಂಡರೆ ಮತ್ತೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ. ಮಳೆಗಾಲದಲ್ಲಿ ಹತ್ತಿರದ ಓಡಾಟ ಮಾತ್ರ ಇದ್ದರೆ ಆಯಿಲ್ ಮುಚ್ಚಳದ ಒಳಗೆ ಸ್ವಲ್ಪ ಕೆನೆ ಕಟ್ಟಬಹುದು, ಅದೊಂದನ್ನೇ ನೋಡಿ ಹೆಡ್ ಬಿಚ್ಚಿಸಬೇಡಿ.

ದಾರಿಯಲ್ಲೇ ಕೆಂಪು ದೀಪ ಬಂತು ಅನ್ನಿ. ಎಸಿ ಆಫ್, ಹೀಟರ್ ಫುಲ್, ಎಡಕ್ಕೆ ಸರಿದು ಸುರಕ್ಷಿತ ಜಾಗದಲ್ಲಿ ಎಂಜಿನ್ ಆಫ್ ಮಾಡಿ. "ಲೋಣಾವಳಾ ಐದೇ ಕಿಲೋಮೀಟರ್, ಹೋಗಿಬಿಡೋಣ" ಅನ್ನೋ ಮಾತೇ ಬೇಡ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗೋಕೆ ಅಷ್ಟು ದೂರ ಸಾಕು, ಆಮೇಲೆ ಬಿಲ್ಲು ಹತ್ತಾರು ಸಾವಿರ. ಜನರನ್ನು ಇಳಿಸಿ ತಡೆಗೋಡೆಯ ಆಚೆ ನಿಲ್ಲಿಸಿ. ಕನಿಷ್ಠ ಮುಕ್ಕಾಲು ಗಂಟೆ ಮುಚ್ಚಳ ಮುಟ್ಟಬೇಡಿ, ಒತ್ತಡದಲ್ಲಿರೋ ಕುದಿ ದ್ರವ ಮುಖಕ್ಕೇ ಹಾರುತ್ತೆ. ಫ್ಯಾನ್ ಹತ್ತಿರ ಕೈ ಹಾಕಬೇಡಿ, ಎಂಜಿನ್ ಆಫ್ ಆದ ಮೇಲೂ ಅದು ತಿರುಗಬಹುದು. ಕಾದ ಎಂಜಿನ್ನಿಗೆ ತಣ್ಣೀರು ಸುರಿಯೋದೂ ಬೇಡ.

ಪೂರ್ತಿ ತಣ್ಣಗಾದ ಮೇಲೆ ಬೇರೇನೂ ಸಿಗದಿದ್ದರೆ ಕುಡಿಯೋ ನೀರಿನ ಬಾಟಲಿ ಹಾಕಿ ಹತ್ತಿರದ ಗ್ಯಾರೇಜು ಮುಟ್ಟಬಹುದು. ಅದು ಅವತ್ತಿನ ಮಟ್ಟಿಗೆ ಮಾತ್ರ. ಘೋಡಬಂದರ್ ರೋಡಿನ ಸೊಸೈಟಿಗಳಿಗೆ ಬರೋ ಟ್ಯಾಂಕರ್ ನೀರು ಗಡಸಾಗಿದ್ದರೆ ಗೀಸರಿನಲ್ಲಿ ಬಿಳಿ ಪದರ ಕಟ್ಟುತ್ತಲ್ಲ, ರೇಡಿಯೇಟರಿನಲ್ಲೂ ಅದೇ ಕಥೆ. ಕೂಲಂಟ್ ಕೊಳ್ಳುವಾಗ ಬಣ್ಣ ಹೊಂದಿಸಬೇಡಿ, ಮ್ಯಾನುಯಲ್‌ನಲ್ಲಿ ಬರೆದ ದರ್ಜೆ ಹೊಂದಿಸಿ. ಬೆರೆಸಿಯೇ ಬರುವ ರೆಡಿ ಡಬ್ಬ ಇದ್ದರೆ ನೀರು ಸೇರಿಸೋದು ಬೇಡ. ಕಾನ್ಸಂಟ್ರೇಟ್ ಆದರೆ ಇನ್ವರ್ಟರ್ ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್ ಬೆರೆಸಿ.

ಪಾರ್ಕಿಂಗ್‌ನಲ್ಲಿ ಚೆಲ್ಲಿದರೆ ತಕ್ಷಣ ಬಟ್ಟೆಯಲ್ಲಿ ಒರೆಸಿ, ನೀರು ಹಾಕಿ ತೊಳೀರಿ. ಸಿಹಿ ಅಂತ ಸೊಸೈಟಿಯ ನಾಯಿ, ಬೆಕ್ಕು ನೆಕ್ಕುತ್ತವೆ, ಎಥಿಲೀನ್ ಗ್ಲೈಕಾಲ್ ಸ್ವಲ್ಪ ಹೊಟ್ಟೆಗೆ ಹೋದರೂ ಅವುಗಳ ಕಿಡ್ನಿ ಹೋಗುತ್ತೆ. ಉಳಿದ ಡಬ್ಬವನ್ನು ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ.