ನೀರಿನ ಟ್ಯಾಂಕರ್ ಎಳೆಯಲು ಎಂಥ ಟ್ರ್ಯಾಕ್ಟರ್?

ಟ್ರ್ಯಾಕ್ಟರ್ ಕೊಳ್ಳುವಾಗ ನಾವೆಲ್ಲ ಮೊದಲು ಕೇಳೋದು ‘ಎಷ್ಟು ಎಚ್.ಪಿ.?’ ಅಂತ. ನಾನೂ ಹಾಗೇ ಕೇಳಿ 35 ಎಚ್.ಪಿ.ಯ ಹಳೇ ಗಾಡಿ ತಂದೆ. ತೂಕ ಕೇಳಲಿಲ್ಲ.

5000 ಲೀಟರ್ ನೀರೆಂದರೆ 5 ಟನ್. ಟ್ಯಾಂಕಿನ ಕಬ್ಬಿಣ ಬೇರೆ. ನನ್ನ ಟ್ರ್ಯಾಕ್ಟರ್ 2 ಟನ್ನೂ ಇಲ್ಲ, ಟ್ಯಾಂಕರಿಗೆ ಬ್ರೇಕೂ ಇಲ್ಲ. ಏರನ್ನೇನೋ ಹತ್ತಿತು. ಇಳಿಜಾರಿನಲ್ಲಿ ಹಿಂದಿನ ಭಾರವೇ ನಮ್ಮನ್ನು ದೂಡಿಕೊಂಡು ಬಂತು. ಬ್ರೇಕ್ ಒತ್ತಿದರೆ ಚಕ್ರ ನಿಂತವು, ಗಾಡಿ ಜಾರುತ್ತಲೇ ಇತ್ತು. ಮಡ್‌ಗಾರ್ಡ್ ಮೇಲೆ ಮಗ ಕೂತಿದ್ದ (ಕೂರಿಸಿದ್ದೂ ತಪ್ಪೇ). ಹೊಲದ ಬದು ಅಡ್ಡ ಸಿಕ್ಕಿ ಉಳಿದೆವು.

ಹಾಗಾಗಿ ತೂಕ ಕೇಳಿ. ಹಿಂದಿನ ಟೈರಿಗೆ ನೀರು ತುಂಬಿಸಿದರೆ ನೆಲದ ಹಿಡಿತ ಹೆಚ್ಚುತ್ತೆ. ಕೊಕ್ಕೆ ಮೇಲೆ ಭಾರ ಜಾಸ್ತಿ ಬಿದ್ದರೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತು ಕೇಳೊಲ್ಲ. ಅರ್ಧ ತುಂಬಿದ ಟ್ಯಾಂಕರ್ ಹಗುರ ಅಂದ್ಕೋಬೇಡಿ, ತಿರುವಿನಲ್ಲಿ ನೀರು ಹೊಯ್ದಾಡಿ ಮಗುಚೋದುಂಟು. ಒಳಗೆ ಅಡ್ಡ ತಗಡು ಇದೆಯೇ ನೋಡಿ. ರಸ್ತೆಗಿಳಿದಾಗ ಎರಡೂ ಬ್ರೇಕ್ ಪೆಡಲ್ ಸೇರಿಸಿ ಚಿಲಕ ಹಾಕಿ. ಹತ್ತಿದ ಗೇರಿನಲ್ಲೇ ಇಳಿಯಿರಿ, ಡೀಸೆಲ್ ಆಸೆಗೆ ನ್ಯೂಟ್ರಲ್ ಮಾಡಬೇಡಿ.

ನಾನೀಗ 3000 ಲೀಟರಿನ ಟ್ಯಾಂಕರ್ ಕಟ್ಟುತ್ತೇನೆ. ಒಂದರ ಬದಲು ಎರಡು ಸಲ ಹೋಗಬೇಕು. ಮನೆಯವಳು ಡೀಸೆಲ್ ಲೆಕ್ಕ ಕೇಳ್ತಾಳೆ, ಕೇಳಲಿ.