ದಿ ರಘು ದೀಕ್ಷಿತ್ ಪ್ರಾಜೆಕ್ಟ್

ದಿ ರಘು ದೀಕ್ಷಿತ್ ಪ್ರಾಜೆಕ್ಟ್ ಬೆಂಗಳೂರು ಮೂಲದ ಜಾನಪದ ರಾಕ್ ಸಂಗೀತ ತಂಡ. ಗಾಯಕ ಮತ್ತು ಸಂಯೋಜಕ ರಘು ದೀಕ್ಷಿತ್ ಇದರ ಸ್ಥಾಪಕರು. ಉತ್ತರ ಕರ್ನಾಟಕದ ತತ್ವಪದಗಳನ್ನು, ವಿಶೇಷವಾಗಿ ಸಂತ ಶಿಶುನಾಳ ಷರೀಫರ ರಚನೆಗಳನ್ನು, ಗಿಟಾರ್ ಮತ್ತು ಡ್ರಮ್‌ಗಳ ಹಿನ್ನೆಲೆಯಲ್ಲಿ ಹಾಡಿ ಅಂತರರಾಷ್ಟ್ರೀಯ ವೇದಿಕೆಗಳಿಗೆ ಕೊಂಡೊಯ್ದುದರಿಂದ ಈ ತಂಡವು ಹೆಸರಾಗಿದೆ.

ಹಿನ್ನೆಲೆ

ರಘು ದೀಕ್ಷಿತ್ 1974ರಲ್ಲಿ ಮಹಾರಾಷ್ಟ್ರದ ನಾಸಿಕ್‌ನಲ್ಲಿ ಜನಿಸಿ ಮೈಸೂರಿನಲ್ಲಿ ಬೆಳೆದರು. ಸೂಕ್ಷ್ಮಜೀವಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದ ಅವರು ಭರತನಾಟ್ಯವನ್ನೂ ಅಭ್ಯಾಸ ಮಾಡಿದ್ದಾರೆ. ಗಿಟಾರ್ ನುಡಿಸಲು ಆರಂಭಿಸಿದ್ದು ಕಾಲೇಜು ದಿನಗಳಲ್ಲಿ, ಸಹಪಾಠಿಯೊಬ್ಬರ ಸವಾಲನ್ನು ಸ್ವೀಕರಿಸಿ. ಕೆಲಕಾಲ ಬೆಲ್ಜಿಯಂನಲ್ಲಿ ಉದ್ಯೋಗದಲ್ಲಿದ್ದ ಅವರು ಅದನ್ನು ಬಿಟ್ಟು ಸಂಗೀತವನ್ನೇ ವೃತ್ತಿಯಾಗಿ ಆರಿಸಿಕೊಂಡರು.

ಅವರ ಮೊದಲ ತಂಡದ ಹೆಸರು ಅಂತರಾಗ್ನಿ. ಅದು ಚದುರಿದ ಬಳಿಕ ಈಗಿನ ತಂಡ ರೂಪುಗೊಂಡಿತು. ಬೇರೆ ಬೇರೆ ಸಂಗೀತ ಪದ್ಧತಿಗಳ ಕಲಾವಿದರು ಬಂದು ಸೇರಿ ನುಡಿಸಬಹುದಾದ ತೆರೆದ ವೇದಿಕೆಯಾಗಿರಲಿ ಎಂಬ ಆಶಯದಿಂದ ಇದಕ್ಕೆ ‘ಪ್ರಾಜೆಕ್ಟ್’ ಎಂಬ ಹೆಸರನ್ನಿಡಲಾಯಿತು.

ಮೊದಲ ಆಲ್ಬಮ್

ತಂಡದ ಹಾಡುಗಳನ್ನು ಹೊರತರಲು ಧ್ವನಿಮುದ್ರಣ ಸಂಸ್ಥೆಗಳು ಹಲವು ವರ್ಷ ಮುಂದೆ ಬರಲಿಲ್ಲ. ಹಿಂದಿ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರು ತಮ್ಮ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೂಲಕ 2008ರಲ್ಲಿ ‘ಅಂತರಾಗ್ನಿ’ ಆಲ್ಬಮನ್ನು ಬಿಡುಗಡೆ ಮಾಡಿದರು. ಹಳೆಯ ತಂಡದ ಹೆಸರೇ ಆಲ್ಬಮಿನ ಹೆಸರಾಯಿತು. ಹಿಂದಿ ಮತ್ತು ಇಂಗ್ಲಿಷ್ ಹಾಡುಗಳ ನಡುವೆ ‘ಗುಡುಗುಡಿಯಾ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’ ಎಂಬ ಷರೀಫರ ಎರಡು ಪದಗಳು ಇದರಲ್ಲಿವೆ.

ತತ್ವಪದ ಮತ್ತು ರಾಕ್

ಶಿಶುನಾಳ ಷರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಸ್ವೀಕರಿಸಿದರು. ಧಾರವಾಡ, ಹಾವೇರಿ, ಗದಗ ಭಾಗಗಳಲ್ಲಿಯೂ, ಕೊಪ್ಪಳ ಜಿಲ್ಲೆಯ ಕುಕನೂರು–ಯಲಬುರ್ಗಾ ಸೀಮೆಯಲ್ಲಿಯೂ ಇಂಥ ಪದಗಳು ಭಜನಾ ಮೇಳಗಳಲ್ಲಿ ಉಳಿದು ಬಂದಿವೆ. ಏಕತಾರಿ, ದಮ್ಮಡಿ, ತಾಳ ಮತ್ತು ಹಾರ್ಮೋನಿಯಂ ಇವುಗಳ ವಾದ್ಯಗಳು. ಒಬ್ಬರು ನುಡಿಯನ್ನು ಎತ್ತಿಕೊಟ್ಟಾಗ ಉಳಿದವರು ಪಲ್ಲವಿಯನ್ನು ಹಿಡಿದು ಹಾಡುವುದು ರೂಢಿ. ನಗರದ ಕೇಳುಗರಿಗೆ ಷರೀಫರನ್ನು ಮುಟ್ಟಿಸಿದವರಲ್ಲಿ ಸುಗಮ ಸಂಗೀತದ ಸಿ. ಅಶ್ವಥ್ ಪ್ರಮುಖರು. ಟಿ. ಎಸ್. ನಾಗಾಭರಣ ನಿರ್ದೇಶನದ ‘ಸಂತ ಶಿಶುನಾಳ ಷರೀಫ’ (1990) ಚಿತ್ರಕ್ಕೆ ಅವರದೇ ಸಂಗೀತವಿದೆ.

ಈ ಪದಗಳ ರೂಪಕಗಳೆಲ್ಲ ದಿನಬಳಕೆಯ ವಸ್ತುಗಳಿಂದ ಹುಟ್ಟಿದವು. ಮಣ್ಣಿನ ಮಾಳಿಗೆಯ ಮನೆಯಲ್ಲಿ ಮಳೆಗಾಲವನ್ನು ಕಳೆದವರಿಗೆ ಸೋರುವ ಮಾಳಿಗೆಯ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಷರೀಫರು ಅದನ್ನೇ ಅಜ್ಞಾನದಿಂದ ಶಿಥಿಲವಾದ ಬಾಳಿಗೆ ಹೋಲಿಸಿದರು. ಗುಡುಗುಡಿ ಎಂದರೆ ಹುಕ್ಕಾ. ಮೋಹವನ್ನು ಸುಟ್ಟು ಒಳಗಿನ ರೋಗವನ್ನು ಕಳೆದುಕೊಳ್ಳುವ ಸಾಧನೆಗೆ ಅದು ಸಂಕೇತವಾಗಿದೆ.

ತಂಡವು ಈ ಪದಗಳಿಗೆ ವೇಗವಾದ ಲಯ, ಗಿಟಾರ್, ಪಿಟೀಲು ಮತ್ತು ಡ್ರಮ್‌ಗಳನ್ನು ಜೋಡಿಸಿತು; ಸಾಹಿತ್ಯವನ್ನು ಮಾತ್ರ ಬದಲಿಸಲಿಲ್ಲ. ‘ಮಾಳಿಗೆ’ ಎಂಬುದು ಉತ್ತರ ಕರ್ನಾಟಕದ ಉಚ್ಚಾರಣೆಯಂತೆ ‘ಮಾಳಿಗಿ’ ಎಂದೇ ಉಳಿದಿದೆ. ಪಲ್ಲವಿಯನ್ನು ಎಲ್ಲರೂ ಕೂಡಿ ಹಾಡುವ ಭಜನೆಯ ಕ್ರಮ ರಾಕ್ ಕಾರ್ಯಕ್ರಮದ ರೀತಿಗೂ ಹೊಂದುತ್ತದೆ. ಕನ್ನಡ ಬಾರದ ಪ್ರೇಕ್ಷಕರೂ ತಂಡದೊಡನೆ ದನಿಗೂಡಿಸಲು ಇದರಿಂದ ಅನುಕೂಲವಾಗಿದೆ. ಬಣ್ಣದ ಲುಂಗಿ ಮತ್ತು ಕಾಲ್ಗೆಜ್ಜೆ ರಘು ದೀಕ್ಷಿತ್ ಅವರ ವೇದಿಕೆಯ ಉಡುಗೆ.

ವಿದೇಶಗಳಲ್ಲಿ ಮನ್ನಣೆ

2010ರಲ್ಲಿ ತಂಡವು ಬಿಬಿಸಿಯ ‘ಲೇಟರ್... ವಿತ್ ಜೂಲ್ಸ್ ಹಾಲೆಂಡ್’ ದೂರದರ್ಶನ ಕಾರ್ಯಕ್ರಮದಲ್ಲಿ ಹಾಡಿತು. ಇದು ಬ್ರಿಟನ್ನಿನಲ್ಲಿ ತಂಡಕ್ಕೆ ದೊಡ್ಡ ಕೇಳುಗ ವರ್ಗವನ್ನು ತಂದುಕೊಟ್ಟಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಭಾಗವಹಿಸಿತು. ವಿಶ್ವ ಸಂಗೀತಕ್ಕೆ ಮೀಸಲಾದ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯು ಅದೇ ವರ್ಷ ಉತ್ತಮ ಹೊಸ ಕಲಾವಿದ ಪ್ರಶಸ್ತಿಯನ್ನು ನೀಡಿತು.

ನಂತರದ ಕೆಲಸ

ಎರಡನೆಯ ಆಲ್ಬಮ್ ‘ಜಗ್ ಚಂಗಾ’ 2013ರಲ್ಲಿ ಹೊರಬಂದಿತು. ಷರೀಫರ ‘ಲೋಕದ ಕಾಳಜಿ’ ಇದರಲ್ಲಿದೆ. ರಘು ದೀಕ್ಷಿತ್ ಅವರು ‘ಸೈಕೋ’ (2008), ‘ಜಸ್ಟ್ ಮಾತ್ ಮಾತಲ್ಲಿ’ (2010) ಮತ್ತು ‘ಲವ್ ಮಾಕ್ಟೇಲ್’ (2020) ಮುಂತಾದ ಕನ್ನಡ ಚಿತ್ರಗಳಿಗೂ ಸಂಗೀತ ನೀಡಿದ್ದಾರೆ. ‘ಸೈಕೋ’ ಚಿತ್ರದ, ಮಹದೇಶ್ವರನನ್ನು ಕುರಿತ ಹಾಡು ದಕ್ಷಿಣ ಕರ್ನಾಟಕದ ಜಾನಪದ ಭಕ್ತಿಪರಂಪರೆಯನ್ನು ನೆನಪಿಸುತ್ತದೆ.

ರಘು ಅವರ ತಮ್ಮ ವಾಸು ದೀಕ್ಷಿತ್ ಗಾಯಕರಾಗಿರುವ ‘ಸ್ವರಾತ್ಮ’ ಕೂಡ ಇದೇ ಮಾರ್ಗದ ತಂಡ. ಅದರ ಮೊದಲ ಆಲ್ಬಮ್ 2009ರಲ್ಲಿ ಬಿಡುಗಡೆಯಾಯಿತು. ಈ ಎರಡೂ ತಂಡಗಳು ಬೆಳೆಯುವ ಮೊದಲು ಬೆಂಗಳೂರಿನ ರಾಕ್ ವೇದಿಕೆಗಳಲ್ಲಿ ಇಂಗ್ಲಿಷ್ ಹಾಡುಗಳದ್ದೇ ಮೇಲುಗೈಯಾಗಿತ್ತು. ಅಂಥ ವೇದಿಕೆಗಳಲ್ಲಿ ಹಳ್ಳಿಯ ಭಜನಾ ಮೇಳದ ಪದವನ್ನು ಅದರ ಸ್ವಂತ ನುಡಿಯಲ್ಲೇ ಹಾಡಬಹುದೆಂಬುದನ್ನು ಇವು ತೋರಿಸಿಕೊಟ್ಟವು.