ಚೀಲದೊಳಗಿನ ಕಾಗದದ ದಾರಿ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪೇಕ್ಷಿಸಿದರು. ಹಳೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಮಂದಿ ಇರುವುದರಿಂದ ನಾನು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇನೆ. ನಮ್ಮ ಹಳೆವಿದ್ಯಾರ್ಥಿಗಳಲ್ಲಿ ಹಲವರು ಇಂದು ಗಣಕಜಾಲಗಳ ಉದ್ಯೋಗದಲ್ಲಿದ್ದಾರೆ. "ನಮ್ಮ ಹುಡುಗ ಅಲ್ಲಿ ಮಾಡುವ ಕೆಲಸವಾದರೂ ಏನು ಮಾಷ್ಟ್ರೇ?" ಎಂದು ಅವರ ತಂದೆತಾಯಂದಿರು ನನ್ನನ್ನು ಕೇಳುವುದುಂಟು. ಆ ಕೆಲಸದ ಒಂದು ಭಾಗವನ್ನು, ಎಂದರೆ ಕಳುಹಿಸಿದ ಮಾಹಿತಿಯು ಯಾವ ದಾರಿಯಿಂದ ಹೋಯಿತೆಂದು ಪತ್ತೆಹಚ್ಚುವ ಬಗೆಯನ್ನು, ನನಗೆ ತಿಳಿದ ಮಟ್ಟಿಗೆ ವಿವರಿಸುತ್ತೇನೆ.

ಜಾಲದಲ್ಲಿ ಮಾಹಿತಿಯು ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಣುಕುಗಳಾಗಿ ಸಾಗುತ್ತದೆ. ಪ್ರತಿಯೊಂದರ ಮೇಲೂ ಕಳುಹಿಸಿದವನ ಮತ್ತು ಪಡೆಯುವವನ ವಿಳಾಸಗಳಲ್ಲದೆ ಆಯುಸ್ಸಿನ ಸಂಖ್ಯೆಯೊಂದು ಬರೆದಿರುತ್ತದೆ. ಅದರ ಗರಿಷ್ಠ ಮಿತಿ 255. ದಾರಿ ತೋರಿಸುವ ರೂಟರ್ ಎಂಬ ಯಂತ್ರವು ತನ್ನನ್ನು ಹಾದುಹೋಗುವ ಪ್ಯಾಕೆಟ್ಟಿನ ಸಂಖ್ಯೆಯಲ್ಲಿ ಒಂದನ್ನು ಕಳೆಯುತ್ತದೆ. ಸಂಖ್ಯೆ ಸೊನ್ನೆಯಾದಲ್ಲಿ ಆ ಪ್ಯಾಕೆಟ್ಟನ್ನು ಅಲ್ಲಿಯೇ ಬಿಟ್ಟು, ಕಳುಹಿಸಿದವನಿಗೆ ಸುದ್ದಿ ಮುಟ್ಟಿಸುತ್ತದೆ. ಪ್ಯಾಕೆಟ್ಟುಗಳು ಕೊನೆಯಿಲ್ಲದೆ ಸುತ್ತುತ್ತಿರಬಾರದೆಂದು ಮಾಡಿದ ಏರ್ಪಾಡು ಇದು. 1980ರ ದಶಕದ ಕೊನೆಯಲ್ಲಿ ಅಮೆರಿಕದ ವ್ಯಾನ್ ಜೇಕಬ್‌ಸನ್ ಎಂಬವರು ಇದರಿಂದಲೇ ದಾರಿ ಹುಡುಕುವ ಉಪಾಯವನ್ನು ಮಾಡಿದರು. ಮೊದಲು 1 ಎಂದು ಬರೆದು ಕಳುಹಿಸುವುದು, ಅನಂತರ 2, ಅನಂತರ 3. ಮರಳಿ ಬಂದ ಮರಣವಾರ್ತೆಗಳನ್ನು ಸಾಲಾಗಿ ಜೋಡಿಸಿದರೆ ದಾರಿಯ ಪಟ್ಟಿ ಸಿದ್ಧ! ಟ್ರೇಸ್‌ರೂಟ್ ಎಂಬುದು ಇದರ ಹೆಸರು.

ಆದರೆ ಇಂದಿನ ದೊಡ್ಡ ಗಣಕಕೇಂದ್ರಗಳಲ್ಲಿ ಒಂದು ಜಾಲದ ಮೇಲೆ ಮತ್ತೊಂದು ಕಲ್ಪಿತ ಜಾಲವನ್ನು ಹೆಣೆದಿರುತ್ತಾರೆ. ಅಂಚೆಯ ಉದಾಹರಣೆಯಿಂದ ಇದು ಸುಲಭವಾಗಿ ತಿಳಿದೀತು. ಕಾಸರಗೋಡಿನಿಂದ ಧಾರವಾಡಕ್ಕೆ ಹೋಗುವ ಕಾಗದಗಳನ್ನು ಚೀಲವೊಂದರಲ್ಲಿ ಕಟ್ಟಿ ಅರಗಿನ ಮುದ್ರೆ ಒತ್ತಿದರೆನ್ನಿ. ನಡುವಿನ ಕಚೇರಿಗಳವರು ಚೀಲದ ಮೇಲಣ ಚೀಟಿಯನ್ನಷ್ಟೇ ನೋಡುತ್ತಾರೆ. ಒಳಗಿನ ಕಾಗದದ ಮೇಲೆ ಅವರ ಠಸ್ಸೆ ಬೀಳುವುದಿಲ್ಲ. 2014ರಲ್ಲಿ ಪ್ರಕಟವಾದ ವಿಎಕ್ಸ್‌ಲ್ಯಾನ್ ಎಂಬ ಕ್ರಮದಲ್ಲಿ ನಡೆಯುವುದೂ ಇದೇ. ಇಡೀ ಪ್ಯಾಕೆಟ್ಟನ್ನು ಮತ್ತೊಂದು ಪ್ಯಾಕೆಟ್ಟಿನೊಳಗಿಟ್ಟು, ಹೊಸ ವಿಳಾಸವನ್ನೂ ಹೊಸ ಆಯುಸ್ಸನ್ನೂ ಬರೆದು ಕಳುಹಿಸುತ್ತಾರೆ. ಹಿಂದಿನ ವಿಧಾನದಲ್ಲಿ ಒಂದು ಜಾಲವನ್ನು 4,094 ಪ್ರತ್ಯೇಕ ಭಾಗಗಳಾಗಿ ಮಾತ್ರ ವಿಂಗಡಿಸಬಹುದಿತ್ತು. ಇದರಲ್ಲಿ ಸುಮಾರು 1 ಕೋಟಿ 67 ಲಕ್ಷ ಭಾಗಗಳು ಸಾಧ್ಯ. ಒಂದೇ ಕಟ್ಟಡದಲ್ಲಿ ಸಾವಿರಾರು ಬಾಡಿಗೆದಾರರು ಪರಸ್ಪರ ಕಾಣದಂತೆ ಇರುವುದು ಇದರಿಂದಲೇ.

ಹೀಗಿರುವಲ್ಲಿ ಟ್ರೇಸ್‌ರೂಟ್ ನಡೆಸಿದರೆ ಏನಾದೀತು? ಚೀಲದೊಳಗಿರುವಷ್ಟು ಹೊತ್ತು ಕಾಗದದ ಆಯುಸ್ಸು ಸವೆಯುವುದಿಲ್ಲ. ನಡುವೆ ಐದಾರು ರೂಟರುಗಳಿದ್ದರೂ ಪಟ್ಟಿಯಲ್ಲಿ ಕಾಣುವುದು ಒಂದೇ ಹೆಜ್ಜೆ. ಪಟ್ಟಿ ಸುಳ್ಳು ಹೇಳುತ್ತಿಲ್ಲ. ಕಾಗದ ಕಂಡದ್ದನ್ನಷ್ಟೇ ಅದು ಹೇಳುತ್ತದೆ.

ಇದರ ತೊಡಕು ನಮ್ಮ ಶಾಲೆಗೂ ತಟ್ಟಿತು. ಜನ್ಮದಿನಾಂಕದ ದಾಖಲೆಗಾಗಿ ಇಂದಿಗೂ ಜನರು ಅರಸಿಬರುವ ನಮ್ಮ ದಾಖಲಾತಿ ಪುಸ್ತಕಗಳು ಗೆದ್ದಲಿಗೆ ತುತ್ತಾಗುವ ಮುನ್ನ ಅವುಗಳ ಛಾಯಾಪ್ರತಿಗಳನ್ನು ಬೇರೆಡೆ ಉಳಿಸಲು ಹಳೆವಿದ್ಯಾರ್ಥಿಗಳು ಮುಂದಾದರು. ಬಾಡಿಗೆಯ ಗಣಕಕೇಂದ್ರವೊಂದರಲ್ಲಿ ಪುಟಗಳನ್ನು ಸ್ವೀಕರಿಸುವ ಯಂತ್ರ ಒಂದು, ಜೋಪಾನವಾಗಿಡುವ ಯಂತ್ರ ಇನ್ನೊಂದು. ನಾಲ್ಕು ಸಾಲಿನ ಟಿಪ್ಪಣಿಗಳು ಒಂದರಿಂದ ಇನ್ನೊಂದಕ್ಕೆ ಸರಾಗವಾಗಿ ಹೋದವು. ಪುಟಗಳ ಚಿತ್ರಗಳು ಮಾತ್ರ ನಡುವೆಯೇ ನಿಂತುಬಿಟ್ಟವು. ಟ್ರೇಸ್‌ರೂಟ್ ನಡೆಸಿದರೆ ದಾರಿ ನಿರ್ಮಲ! ಎರಡು ವಾರ ಹೀಗೆಯೇ ಕಳೆಯಿತು. ಕಾರಣ ಕಂಡುಹಿಡಿದವನು ನಮ್ಮಲ್ಲಿಯೇ ಓದಿದ ಹುಡುಗ. ಒಳಗಿನ ಯಂತ್ರ 1,500 ಬೈಟುಗಳ ಪ್ಯಾಕೆಟ್ಟುಗಳನ್ನು ಕಟ್ಟುತ್ತಿತ್ತು. ಚೀಲದ ತೂಕ 50 ಬೈಟು ಸೇರಿ 1,550 ಆಗುತ್ತಿತ್ತು. ಆದರೆ ಹೊರಗಿನ ದಾರಿಯ ಮಿತಿ 1,500. ದೊಡ್ಡವು ಸದ್ದಿಲ್ಲದೆ ಕಳೆದುಹೋದವು. ಟ್ರೇಸ್‌ರೂಟಿನ ಪ್ಯಾಕೆಟ್ಟುಗಳಾದರೋ ಕೆಲವು ಹತ್ತು ಬೈಟುಗಳವು, ಸುಲಭವಾಗಿ ದಾಟಿದವು. ಒಳಗಿನ ಮಿತಿಯನ್ನು 1,450ಕ್ಕೆ ಇಳಿಸಿದ ದಿನವೇ ಪುಟಗಳು ಹೋಗತೊಡಗಿದವು.

ಆದುದರಿಂದ ಬಲ್ಲವರು ಎರಡು ಪಟ್ಟಿಗಳನ್ನು ಮಾಡುತ್ತಾರೆ: ಒಂದು ಕಾಗದದ್ದು, ಇನ್ನೊಂದು ಚೀಲದ್ದು. ಎರಡನೆಯದನ್ನು ಚೀಲ ಕಟ್ಟುವ ಯಂತ್ರದಿಂದಲೇ ಹೊರಡಿಸಬೇಕು. ಅಲ್ಲಿಯೂ ಒಂದು ಎಚ್ಚರ ಬೇಕು. ಸಮಾನವಾದ ಹಲವು ದಾರಿಗಳಿದ್ದಲ್ಲಿ ಚೀಲದ ಮೇಲಣ ಅಂಕಿಗಳನ್ನು ನೋಡಿ ರೂಟರು ಅದನ್ನು ಒಂದು ದಾರಿಗೆ ಹಚ್ಚುತ್ತದೆ. ಪರೀಕ್ಷೆಗೆ ಕಳುಹಿಸುವ ಪ್ಯಾಕೆಟ್ಟಿನ ಮೇಲೆ ಬೇರೆ ಅಂಕಿಗಳಿದ್ದರೆ ಅದು ಬೇರೆ ದಾರಿ ಹಿಡಿಯಬಹುದು. ಅಂಕಿಗಳನ್ನು ಬದಲಿಸದೆ ದಾರಿ ಹುಡುಕುವ ಪ್ಯಾರಿಸ್ ಟ್ರೇಸ್‌ರೂಟ್ ಎಂಬ ಸುಧಾರಿತ ಕ್ರಮವು 2006ರಲ್ಲಿ ಪ್ರಕಟವಾಯಿತು. ಬಾಡಿಗೆದಾರನಿಗಾದರೋ ಚೀಲದ ದಾರಿ ಸಾಮಾನ್ಯವಾಗಿ ಕಾಣಸಿಗದು. ಆ ಪಟ್ಟಿಯನ್ನು ಗಣಕಕೇಂದ್ರದವರಿಂದ ಕೇಳಿಯೇ ಪಡೆಯಬೇಕು. ನಮ್ಮ ಹುಡುಗ ಮೂರು ಸಲ ಪತ್ರ ಬರೆದು ಪಡೆದನು.